ತಾರಾಗಣ ಮತ್ತು ದೇವಕಾರುಣ್ಯ

ಇರುಳಿನ ಆಕಾಶವನ್ನು ಕಂಡು ದೇವರ ಮಹಿಮೆಯನ್ನು ಕೊಂಡಾಡದ ಭಕ್ತಿಸಾಹಿತ್ಯವು ವಿರಳ. ಆದರೆ ಮಹಿಮೆ ಬೇರೆ, ಪ್ರೀತಿ ಬೇರೆ. ನಮ್ಮ ಉಪನ್ಯಾಸಕರಲ್ಲಿ ಅನೇಕರು ನಕ್ಷತ್ರಗಳ ಸಂಖ್ಯೆಯನ್ನೂ ದೂರವನ್ನೂ ಬಣ್ಣಿಸಿ, ಸಭಿಕರು ಬೆರಗಾದೊಡನೆ, ಇಂತಹ ದೇವನಿಗೆ ನಮ್ಮ ಮೇಲೆ ಎಷ್ಟು ಪ್ರೀತಿಯೆಂದು ಮಾತು ಮುಗಿಸುವುದುಂಟು. ಈ ಎರಡು ಮಾತುಗಳ ನಡುವೆ ಒಂದು ಹಳ್ಳವಿದೆ. ದೊಡ್ಡದನ್ನು ನಿರ್ಮಿಸಿದವನು ಸಣ್ಣದನ್ನು ಪ್ರೀತಿಸಲೇಬೇಕೆಂಬ ನಿಯಮವೇನೂ ಇಲ್ಲ. ಮಗನನ್ನು ಮಣ್ಣುಮಾಡಿ ಬಂದ ತಾಯಿಗೆ ಅಂದಿನ ರಾತ್ರಿಯ ಆಕಾಶವು ಏನು ಹೇಳೀತು? ಫ್ರಾನ್ಸಿನ ಪಾಸ್ಕಲನ ಮರಣಾನಂತರ ಪ್ರಕಟವಾದ ಚಿಂತನಗಳ ಸಂಗ್ರಹದಲ್ಲಿ ಕೊನೆಯಿಲ್ಲದ ಅವಕಾಶದ ಮೌನವು ಹುಟ್ಟಿಸುವುದು ಭಕ್ತಿಯನ್ನಲ್ಲ, ಭಯವನ್ನು. ಆ ಮಾತು ಪಾಸ್ಕಲನದೇ, ಇಲ್ಲವೆ ಅವನು ಕಲ್ಪಿಸಿಕೊಂಡ ನಾಸ್ತಿಕನದೇ ಎಂದು ವಿದ್ವಾಂಸರು ಚರ್ಚಿಸುತ್ತಾರೆ, ಭಯವಂತೂ ನಿಜವಾದದ್ದು. ಹಾಗಾದರೆ ಈ ಹಳ್ಳವನ್ನು ಕವಿಗಳು ದಾಟಿದ್ದಾರೆಯೆ, ದಾಟಿದ್ದರೆ ಹೇಗೆ, ಎಂಬುದು ವಿಚಾರಾರ್ಹವಾಗಿದೆ.

ಇಂಗ್ಲಿಷಿನಲ್ಲಿ ಈ ವಿಷಯದ ಅತಿ ಪ್ರಸಿದ್ಧ ಸ್ತೋತ್ರವೆಂದರೆ ಜೋಸೆಫ್ ಅಡಿಸನ್ನನದು. ಅದು 'ಸ್ಪೆಕ್ಟೇಟರ್' ಪತ್ರಿಕೆಯ 465ನೆಯ ಸಂಚಿಕೆಯಲ್ಲಿ, 1712ರ ಆಗಸ್ಟ್ 23ರಂದು ಪ್ರಕಟವಾಯಿತು. ನ್ಯೂಟನ್ನನ 'ಪ್ರಿನ್ಸಿಪಿಯ' ಹೊರಬಂದು ಆಗ 25 ವರ್ಷ. ಸೂರ್ಯನು ಹಗಲೆಲ್ಲ ತನ್ನ ಕರ್ತೃವಿನ ಶಕ್ತಿಯನ್ನು ಸಾರುತ್ತಾನೆ. ಸಂಜೆಯಾದೊಡನೆ ಚಂದ್ರನು ಆ ಕಥೆಯನ್ನು ಮುಂದುವರಿಸಿ ಭೂಮಿಗೆ ಕೇಳಿಸುತ್ತಾನೆ. ಗ್ರಹತಾರೆಗಳು ಅದನ್ನು ಅನುಮೋದಿಸುತ್ತವೆ. ಕೊನೆಯ ಪದ್ಯದಲ್ಲಿ ಕವಿಯು, ಆ ಗೋಲಗಳು ಮೌನವಾಗಿದ್ದರೂ ಬುದ್ಧಿಯ ಕಿವಿಗೆ ಅವುಗಳ ಧ್ವನಿ ಕೇಳಿಸುವುದೆಂದು ಹೇಳುತ್ತಾನೆ. ನಡಿಗೆ ಗಂಭೀರವಾಗಿದೆ, ಶಿಲ್ಪ ನಿರ್ದುಷ್ಟವಾಗಿದೆ. ಆದರೆ ಹೃದಯಕ್ಕೆ ಇಲ್ಲಿ ಕೆಲಸವಿಲ್ಲ. ಗಡಿಯಾರವನ್ನು ನೋಡಿ ಅದನ್ನು ಮಾಡಿದ ಕುಶಲಿಯನ್ನು ಮೆಚ್ಚಿದಂತಾಯಿತು. ಆ ಕುಶಲಿ ನಮ್ಮನ್ನು ಬಲ್ಲನೆ ಎಂಬ ಪ್ರಶ್ನೆಯೇ ಹುಟ್ಟುವುದಿಲ್ಲ.

ಕವಿ ಕರುಣೆಯನ್ನು ಅರಿಯದವನೇನೂ ಅಲ್ಲ. ಇದಕ್ಕೆ ಸರಿಯಾಗಿ ಎರಡು ವಾರ ಮೊದಲು, 453ನೆಯ ಸಂಚಿಕೆಯಲ್ಲಿ, ಅವನದೇ ಇನ್ನೊಂದು ಸ್ತೋತ್ರ ಪ್ರಕಟವಾಗಿತ್ತು. ಅದರಲ್ಲಿ ಎದೆಹಾಲುಣ್ಣುವ ಕೂಸಿನ ಕಾಲದಿಂದ ದೇವರು ತನ್ನನ್ನು ಕಾಪಾಡಿದ ಬಗೆಯನ್ನು ಅವನು ಕೃತಜ್ಞತೆಯಿಂದ ಸ್ಮರಿಸುತ್ತಾನೆ. ಆ ಹಾಡಿನಲ್ಲಿ ತಾರೆಗಳಿಲ್ಲ. ತಾರೆಗಳ ಹಾಡಿನಲ್ಲಿ ಆ ಕೂಸಿಲ್ಲ. ಒಬ್ಬನೇ ಕವಿಯ ಲೇಖನಿಯಲ್ಲಿ ಮಹಿಮೆ ಮತ್ತು ಪ್ರೀತಿ ಎರಡು ವಾರಗಳ ಅಂತರದಲ್ಲಿ ಬಂದು, ಒಂದನ್ನೊಂದು ಸಂಧಿಸದೆ ಉಳಿದವು.

ಅಡಿಸನ್ನನಿಗೆ ಆಧಾರವಾದದ್ದು ಬೈಬಲ್ಲಿನ 19ನೆಯ ಕೀರ್ತನೆ. ಅವನು ತೆಗೆದುಕೊಂಡದ್ದು ಅದರ ಆರಂಭವನ್ನು ಮಾತ್ರ. ಮೂಲದಲ್ಲಿ 14 ವಚನಗಳಿವೆ. ಮೊದಲ ಆರರಲ್ಲಿ ಆಕಾಶ. ಏಳನೆಯದರಿಂದ ದೇವರ ಧರ್ಮವಿಧಿ. ಕೊನೆಯಲ್ಲಿ, ತನಗೇ ಕಾಣದ ತನ್ನ ತಪ್ಪುಗಳಿಂದ ಶುದ್ಧಗೊಳಿಸೆಂಬ ಮೊರೆ. ಹೀಬ್ರೂ ಮೂಲದಲ್ಲಿ ಆಕಾಶದ ಭಾಗದೊಳಗೆ ದೇವರಿಗೆ 'ಏಲ್' ಎಂಬ ಸಾಮಾನ್ಯ ನಾಮವೊಂದೇ, ಅದೂ ಒಮ್ಮೆ. ಎರಡನೆಯ ಭಾಗದಲ್ಲಿ ಇಸ್ರೇಲರಿಗೆ ಆತ್ಮೀಯವಾದ ಅಂಕಿತನಾಮವು ಏಳು ಸಲ ಬರುತ್ತದೆ. ಆ ಪ್ರಾಚೀನ ಕವಿಗೆ ಆಕಾಶವು ಹೊಸ್ತಿಲಾಗಿತ್ತು; ಇಂಗ್ಲಿಷ್ ಕವಿ ಹೊಸ್ತಿಲನ್ನೇ ಮನೆಯೆಂದು ಬಗೆದು ಅಲ್ಲಿಯೇ ನಿಂತುಬಿಟ್ಟನು.

ಇಷ್ಟಾದರೂ ನನ್ನ ಮಟ್ಟಿಗೆ ಹಳ್ಳವನ್ನು ನಿಜವಾಗಿ ದಾಟಿದ್ದು, ಅಷ್ಟು ಹೆಸರುವಾಸಿಯಲ್ಲದ 147ನೆಯ ಕೀರ್ತನೆ. ಅದರಲ್ಲಿ ಯೆರೂಸಲೇಮನ್ನು ಮತ್ತೆ ಕಟ್ಟುವ, ಚೆದುರಿದವರನ್ನು ಕೂಡಿಸುವ ಪ್ರಸ್ತಾಪವಿರುವುದರಿಂದ, ಅದನ್ನು ಬಾಬಿಲೋನಿನ ಸೆರೆವಾಸದ ಅನಂತರದ್ದೆಂದು ಎಣಿಸುತ್ತಾರೆ. ಬಾಬಿಲೋನಿನವರಾದರೋ ನಕ್ಷತ್ರವೀಕ್ಷಣೆಯಲ್ಲಿ ನಿಷ್ಣಾತರು. ಅಂತಹ ನಾಡಿನಿಂದ ಸೋತು ಮರಳಿದ ಜನರ ಈ ಹಾಡಿನಲ್ಲಿ, ದೇವರು ಎದೆಯೊಡೆದವರ ಗಾಯಗಳನ್ನು ಕಟ್ಟುತ್ತಾನೆ ಎಂಬ ವಚನದ ಬೆನ್ನಿಗೇ, ಅವನು ನಕ್ಷತ್ರಗಳನ್ನು ಎಣಿಸಿ ಪ್ರತಿಯೊಂದಕ್ಕೂ ಹೆಸರಿಡುತ್ತಾನೆ ಎಂಬ ವಚನವಿದೆ. ನಡುವೆ 'ಆದ್ದರಿಂದ' ಎಂಬ ಪದವಿಲ್ಲ, ವಾದವಿಲ್ಲ. ಗಾಯಕ್ಕೆ ಬಟ್ಟೆ ಸುತ್ತುವ ಕೈ, ತಾರೆಗಳನ್ನೆಣಿಸುವ ಕೈ, ಎರಡೂ ಒಂದೇ.

ಎಣಿಕೆಯ ಅರ್ಥವೇ ಇಲ್ಲಿ ಬದಲಾಗಿದೆ. ನಾವು ನಕ್ಷತ್ರಗಳನ್ನು ಎಣಿಸುವುದು ಎಷ್ಟಿವೆಯೆಂದು ತಿಳಿಯಲಿಕ್ಕೆ. ಸಂಜೆ ಹಟ್ಟಿಗೆ ಮರಳಿದ ದನಗಳನ್ನು ಒಕ್ಕಲಿಗನು ಎಣಿಸುವುದು ಒಂದೂ ತಪ್ಪಿಹೋಗಬಾರದೆಂದು. ಅವನು ಗೌರಿ, ಕೆಂಪಿ ಎಂದು ಹೆಸರುಹಿಡಿದೇ ಕರೆಯುತ್ತಾನೆ. ಕೀರ್ತನಕಾರನ ದೇವರು ಎಣಿಸುವುದು ಈ ಎರಡನೆಯ ರೀತಿಯಲ್ಲಿ. ನಮ್ಮ ರೈತರೂ ರೋಹಿಣಿ, ಮೃಗಶಿರಾ, ಆರಿದ್ರಾ ಎಂದು ಮಳೆಗಳನ್ನು ನಕ್ಷತ್ರಗಳ ಹೆಸರಿನಿಂದ ಕರೆಯುತ್ತಾರೆ. ಹೆಸರಿಟ್ಟ ವಸ್ತು ಎಷ್ಟೇ ದೂರವಿದ್ದರೂ ಪರಕೀಯವಲ್ಲ.

ಕೇವಲ ಗಾತ್ರವನ್ನು ನೆಚ್ಚಿದ ಭಕ್ತಿಗೆ ಇನ್ನೊಂದು ತೊಡಕಿದೆ. ಕತ್ತಲ ಬಯಲಿನಲ್ಲಿ ಬರಿಗಣ್ಣಿಗೆ ಒಮ್ಮೆಗೆ ಕಾಣುವ ನಕ್ಷತ್ರಗಳು ಎರಡು ಮೂರು ಸಾವಿರ ಮಾತ್ರ. ಅವುಗಳಲ್ಲಿ ಅತ್ಯಂತ ಪ್ರಕಾಶಮಾನವಾದ ಲುಬ್ಧಕದ ಬೆಳಕು ನಮ್ಮನ್ನು ತಲುಪಲು 8.6 ವರ್ಷ ಬೇಕು. ಮಸುಕಾದ ಮಚ್ಚೆಯಂತೆ ಕಾಣುವ ಆಂಡ್ರೊಮಿಡ ಗೆಲಾಕ್ಸಿಯ ಬೆಳಕಿಗೆ ಸುಮಾರು 25 ಲಕ್ಷ ವರ್ಷ. ಅದು ನಮ್ಮ ಆಕಾಶಗಂಗೆಯ ಹೊರಗಿನ ಇನ್ನೊಂದು ತಾರಾಸಮೂಹವೆಂದು ಎಡ್ವಿನ್ ಹಬಲ್ 1920ರ ದಶಕದಲ್ಲಿ ಸ್ಥಿರಪಡಿಸಿದನು. ವಿಸ್ತಾರವೇ ಪ್ರೀತಿಗೆ ಸಾಕ್ಷಿಯಾಗಿದ್ದರೆ, ಆ ದಶಕದಲ್ಲಿ ದೇವರ ಪ್ರೀತಿಯೂ ಅನೇಕ ಪಟ್ಟು ಹೆಚ್ಚಿತೆನ್ನಬೇಕಾದೀತು!

ಇನ್ನು ನಮ್ಮವರ ಮಾತು. ವಾಚಕರಿಗೆ ಕಂಠಸ್ಥವಾಗಿರುವ ಬಸವಣ್ಣನವರ ವಚನವೊಂದು ಲೋಕದ, ಆಕಾಶದ, ಅದರಾಚೆಯ ವಿಸ್ತಾರಗಳನ್ನು ಹಂತಹಂತವಾಗಿ ಏರಿ, ಪಾತಾಳದ ಕೆಳಗೂ ಬ್ರಹ್ಮಾಂಡದ ಮೇಲೂ ಚಾಚಿಕೊಂಡ ದೇವರನ್ನು ತೋರಿಸುತ್ತದೆ. ಅನಂತರ ಥಟ್ಟನೆ, ಅವನು ಭಕ್ತನ ಅಂಗೈಯಲ್ಲಿ ಕಿರಿದಾಗಿ ಕುಳಿತದ್ದನ್ನು ಹೇಳುತ್ತದೆ. ಇದರಲ್ಲಿ ರಾತ್ರಿಯ ವರ್ಣನೆಯಿಲ್ಲ, ತಾರೆಗಳ ಹೆಸರಿಲ್ಲ; ಇದನ್ನು ಆಕಾಶದ ಕವಿತೆಯೆಂದು ಸಾಧಿಸಹೊರಡುವುದು ಅತಿರೇಕ. ಆದರೂ ಹಳ್ಳವನ್ನು ದಾಟುವ ದಿಕ್ಕನ್ನು ಗಮನಿಸಬೇಕು. ಅಡಿಸನ್ನನ ಭಕ್ತನು ಬುದ್ಧಿಯಿಂದ ಮೇಲೇರಬೇಕು. ಇಲ್ಲಿ ಏರುವ ಶ್ರಮ ಭಕ್ತನದಲ್ಲ, ಇಳಿಯುವ ಶ್ರಮ ದೇವರದು. ಹಿರಿದಾಗಿರುವುದು ಅವನ ಮಹಿಮೆ. ಕಿರಿದಾಗಲು ಒಪ್ಪಿದ್ದು ಅವನ ಪ್ರೀತಿ.

ಇಷ್ಟಲಿಂಗದ ಕಡೆಗೆ ಬಾಗಿದ ದೃಷ್ಟಿಯು ಆಕಾಶವನ್ನು ಮರೆಯಿತೆಂದು ಆಕ್ಷೇಪಿಸುವವರುಂಟು. ವಚನದ ರಚನೆಯೇ ಇದಕ್ಕೆ ಉತ್ತರ. ಮೊದಲರ್ಧದ ಆ ಅಗಾಧ ವಿಸ್ತಾರವನ್ನು ತೆಗೆದುಬಿಟ್ಟರೆ, ಅಂಗೈಗೆ ಇಳಿದುಬಂದದ್ದು ಏನೆಂಬುದೇ ತಿಳಿಯದು. ಹೊಲದ ಮಾಳಿಗೆಯ ಮೇಲೆ ಕಾವಲು ಮಲಗುವ ರೈತನಿಗೆ ಆ ಮೊದಲರ್ಧವು ಇಂದಿಗೂ ಕಣ್ಣೆದುರಿಗಿದೆ. ಬೀದಿದೀಪಗಳ ನಡುವೆ ಬೆಳೆದ ನಗರದ ವಿದ್ಯಾರ್ಥಿಗೆ ಅದು ಬರಿಯ ಶಬ್ದ. ಈ ವಚನವನ್ನು ಬೋಧಿಸುವ ಅಧ್ಯಾಪಕರು ಅರ್ಥ ಹೇಳುವುದಕ್ಕೆ ಮೊದಲು, ಮಳೆಗಾಲ ಕಳೆದ ಮೇಲಿನ ಒಂದು ಅಮಾವಾಸ್ಯೆಯ ಇರುಳು ಮಕ್ಕಳನ್ನು ಊರ ಹೊರಗಿನ ಬಯಲಿಗೆ ಕರೆದೊಯ್ದರೆ ಒಳ್ಳೆಯದು.