ಕಸದಿಂದ ರಸ: ಒಂದು ಘೋಷಣೆಯ ವಿಮರ್ಶೆ

'ಕಸದಿಂದ ರಸ' ಎಂಬ ಮಾತು ಸಾಲಿ ಗೋಡೆಯ ಮೇಲೆ ಐತಿ, ಪುರಸಭೆಯ ಕಸದ ಗಾಡಿಯ ಮೇಲೆ ಐತಿ, ಮಂತ್ರಿಗಳ ಭಾಷಣದೊಳಗೂ ಐತಿ. ಇದನ್ನು ಯಾರೂ ಕವಿತೆ ಅಂತ ಓದಿಲ್ಲ. ಆದರೆ ನಮ್ಮ ಪಂಡಿತರು ಹೊಗಳುವ ಯಾವ ಕವಿತೆಗಿಂತಲೂ ಹೆಚ್ಚು ಜನರಿಗೆ ಇದು ಬಾಯಿಪಾಠವಾಗಿದೆ. ಇಷ್ಟು ಜನರ ಬಾಯಲ್ಲಿ ಇರುವ ಮಾತನ್ನು ವಿಮರ್ಶೆ ಮಾಡದೆ ಬಿಟ್ಟರೆ ನಮ್ಮ ವಿಮರ್ಶೆಗೆ ಏನು ಕೆಲಸ?

'ರಸ' ಎಂದ ಕೂಡಲೇ ವಿಶ್ವವಿದ್ಯಾಲಯದ ಕನ್ನಡ ವಿಭಾಗಕ್ಕೆ ಭರತಮುನಿ ನೆನಪಾಗುತ್ತಾನೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಮಂದಿಗೆ ರಸ ಅಂದ್ರ ಕಬ್ಬಿನ ಹಾಲು. ಮೊದಲನೆಯ ರಸವನ್ನು ಸವಿಯೋನಿಗೆ ಸಹೃದಯ ಅಂತ ಹೆಸರು ಕೊಟ್ಟರು. ಎರಡನೆಯದನ್ನು ಹಿಂಡೋನಿಗೆ ಯಾವ ಹೆಸರೂ ಕೊಡಲಿಲ್ಲ. ಇನ್ನು 'ಕಸ'. ಈ ನಾಡಿನಲ್ಲಿ ಕಸ ಬರೇ ಒಂದು ವಸ್ತು ಅಲ್ಲ, ಅದೊಂದು ಜಾತಿಯ ಕೆಲಸ. ಯಾವುದು ಕಸ ಅಂತ ಹೇಳೋ ಅಧಿಕಾರ ಒಬ್ಬರಿಗೆ, ಅದನ್ನು ಎತ್ತೋ ಕೆಲಸ ಇನ್ನೊಬ್ಬರಿಗೆ. ಎರಡೂ ಶಬ್ದದ ಬೆನ್ನ ಹಿಂದೆ ವರ್ಣವ್ಯವಸ್ಥೆ ನಿಂತದ.

1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದ ಬಹುಪಾಲು ಬೂಸಾ ಎಂದರು. ಒಂದು ಶಬ್ದಕ್ಕೆ ರಾಜ್ಯವೇ ಹೊತ್ತಿ ಉರಿಯಿತು. ದಲಿತ ವಿದ್ಯಾರ್ಥಿಗಳು ಹೊಡೆತ ತಿಂದರು, ಬಸವಲಿಂಗಪ್ಪನವರ ಮಂತ್ರಿ ಪದವಿ ಹೋಯಿತು. ಆ ಬೆಂಕಿಯಿಂದಲೇ ದಲಿತ ಚಳವಳಿ ಗಟ್ಟಿಯಾಯಿತು, 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿತು. ಇದು ನಮಗೆಲ್ಲ ಗೊತ್ತು. ಆದರೆ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ ಸಚಿವರೂ ಇದೇ ಬಸವಲಿಂಗಪ್ಪನವರು ಎನ್ನುವುದನ್ನು ಸಾಹಿತ್ಯದವರು ಮರೆಯುತ್ತಾರೆ. ಇವು ಎರಡು ಬೇರೆ ಕೆಲಸ ಅಲ್ಲ. ಕಸ ಯಾವುದು, ಅದನ್ನು ಯಾರು ಹೊರಬೇಕು ಅಂತ ತೀರ್ಮಾನಿಸುವ ಹಕ್ಕನ್ನು ಅವರು ಎರಡು ಕಡೆಯಿಂದ ಪ್ರಶ್ನಿಸಿದರು. ಆ ಪ್ರಶ್ನೆ ಈಗ ನಮ್ಮ ಕಡೆಯ ಸಕ್ಕರೆ ಕಾರ್ಖಾನೆಗಳ ಚಿಮಣಿಯ ಬುಡದಲ್ಲಿ ಬಂದು ನಿಂತದ.

ಕೃಷ್ಣಾ, ಘಟಪ್ರಭಾ ನೀರು ಹರಿದ ಮೇಲೆ ಈ ನಾಲ್ಕು ತಾಲೂಕಿನ ಎರೆಮಣ್ಣು ಕಬ್ಬಿನ ಹೊಲ ಆಯಿತು. ಕಾರ್ಖಾನೆ ಬರೋಕೆ ಮೊದಲು ಗಾಣ ಇತ್ತು, ಈಗಲೂ ಅಲ್ಲಲ್ಲಿ ಐತಿ. ಮಹಾಲಿಂಗಪುರದ ಬೆಲ್ಲದ ಪೇಟೆ ಆ ಗಾಣಗಳಿಂದಲೇ ಬೆಳೆದದ್ದು. ಗಾಣದ ಮನೆಯಾಗ ಹಿಂಡಿದ ಸಿಪ್ಪೆಯನ್ನು ಬಿಸಿಲಿಗೆ ಹರಡುತ್ತಾರೆ. ಒಣಗಿದ ಸಿಪ್ಪೆ ಒಲೆಗೆ ಹೋಗುತ್ತದೆ, ಮೇಲಿನ ಕಡಾಯಿಯಲ್ಲಿ ರಸ ಕುದ್ದು ಬೆಲ್ಲವಾಗುತ್ತದೆ. ಬೂದಿ ಹೊಲಕ್ಕೆ ಹೋಗುತ್ತದೆ. ಅಲ್ಲಿ ಸಿಪ್ಪೆಗೆ ಯಾರೂ ಕಸ ಅನ್ನಲಿಲ್ಲ, ಉರುವಲು ಅಂದರು. ಹಾಗಾದರೆ ಸಿಪ್ಪೆ ಕಸ ಆದದ್ದು ಯಾವಾಗ?

ಕಾರ್ಖಾನೆಯ ಲೆಕ್ಕ ನೋಡೋಣ. ಒಂದು ಟನ್ ಕಬ್ಬು ಅರೆದರೆ ಸುಮಾರು 280ರಿಂದ 300 ಕಿಲೋ ಸಿಪ್ಪೆ ಉಳಿಯುತ್ತದೆ. ಅದರ ಹತ್ತಿರ ಹತ್ತಿರ ಅರ್ಧ ತೂಕ ನೀರು. ಆ ಹಸಿ ಸಿಪ್ಪೆಯನ್ನೇ ಬಾಯ್ಲರಿಗೆ ಹಾಕಿ ಸುಡುತ್ತಾರೆ. ಹೆಚ್ಚು ಒತ್ತಡದ ಉಗಿ ಟರ್ಬೈನ್ ತಿರುಗಿಸಿ ಕರೆಂಟು ಕೊಡುತ್ತದೆ, ಹೊರಬಂದ ಉಗಿ ರಸ ಕುದಿಸುತ್ತದೆ. ಒಂದೇ ಬೆಂಕಿಯಿಂದ ಎರಡು ಕೆಲಸ, ಇದಕ್ಕೇ ಸಹವಿದ್ಯುತ್ ಎಂದು ಹೆಸರು. ಒಳ್ಳೆಯ ಬಾಯ್ಲರ್ ಇದ್ದರೆ ಒಂದು ಟನ್ ಕಬ್ಬಿನಿಂದ ಸುಮಾರು ನೂರು ಯೂನಿಟ್ ಹುಟ್ಟಬಹುದು. ಕಾರ್ಖಾನೆ ತನಗೆ ಬೇಕಾದಷ್ಟು ಇಟ್ಟುಕೊಂಡು ಉಳಿದದ್ದನ್ನು ಮಾರುತ್ತದೆ. ಕಲ್ಲಿದ್ದಲಿಗೆ ಹೋಲಿಸಿದರೆ ಇದು ಮೇಲು, ಯಾಕಂದ್ರ ಸುಟ್ಟ ಇಂಗಾಲವನ್ನು ಮುಂದಿನ ಬೆಳೆ ಗಾಳಿಯಿಂದ ಮತ್ತೆ ಎಳೆದುಕೊಳ್ಳುತ್ತದೆ. ಇದನ್ನು ನಾನು ಅಲ್ಲಗಳೆಯುವುದಿಲ್ಲ. ಯಂತ್ರ ಕಂಡರೆ ಕಲ್ಲು ಹೊಡೆಯುವುದು ಬಂಡಾಯ ಅಲ್ಲ.

ಆದರೆ ಬಿಲ್ಲು ಓದಬೇಕು. ಬಿಲ್ಲು ಕೂಡ ಸಾಹಿತ್ಯವೇ. 2025-26ರ ಹಂಗಾಮಿಗೆ ಕೇಂದ್ರ ಸರ್ಕಾರ ಕಬ್ಬಿಗೆ ಕ್ವಿಂಟಾಲಿಗೆ 355 ರೂಪಾಯಿ ನಿಗದಿ ಮಾಡಿತು. ಅದು ನಿಂತದ್ದು 10.25 ಶೇಕಡಾ ಸಕ್ಕರೆ ಇಳುವರಿಯ ಮೇಲೆ. ಸಕ್ಕರೆ ಏರಿದರೆ ದರ ಏರುತ್ತದೆ, ಇಳಿದರೆ ಇಳಿಯುತ್ತದೆ. ಸಿಪ್ಪೆ, ಕಾಕಂಬಿ, ಮಡ್ಡಿಯ ಆದಾಯವನ್ನೂ ದರ ಕಟ್ಟುವಾಗ ಗಮನಿಸಬೇಕು ಅಂತ 1966ರ ಕಬ್ಬು ನಿಯಂತ್ರಣ ಆದೇಶದೊಳಗೆ ಒಂದು ಮಾತು ಸೇರಿಸಿದ್ದಾರೆ. 2012ರಲ್ಲಿ ರಂಗರಾಜನ್ ಸಮಿತಿ ಇನ್ನೂ ಮುಂದೆ ಹೋಗಿ, ಸಕ್ಕರೆ ಮತ್ತು ಉಪ ಉತ್ಪನ್ನಗಳ ಒಟ್ಟು ಆದಾಯದಲ್ಲಿ 70 ಪಾಲು ರೈತನಿಗೆ, 30 ಪಾಲು ಕಾರ್ಖಾನೆಗೆ ಎಂದಿತು. ಆದರೆ ರೈತನ ಕೈಗೆ ಬರುವ ಚೀಟಿಯೊಳಗೆ ಸಿಪ್ಪೆಗೆ ಒಂದು ಸಾಲು ಹುಡುಕಿರಿ. ಗೇಟಿನ ಹೊರಗೆ ಸಿಪ್ಪೆ ಕಸ, ಗೇಟಿನ ಒಳಗೆ ಅದೇ ಸಿಪ್ಪೆ ಆಸ್ತಿ. ಕಸದಿಂದ ರಸ ತೆಗೆಯೋಕೆ ಮೊದಲು ಒಂದು ವಸ್ತುವನ್ನು ಕಸ ಎಂದು ಹೆಸರಿಸಬೇಕು. ಹೆಸರಿಸಿದ ಮೇಲೆ ಅದು ಪುಕ್ಕಟೆ. ಈ ಘೋಷಣೆಯ ಅರ್ಥಶಾಸ್ತ್ರವೆಲ್ಲ ಇಷ್ಟೇ.

2025ರ ನವೆಂಬರಿನಲ್ಲಿ ಟನ್ನಿಗೆ 3,500 ರೂಪಾಯಿ ಕೇಳಿ ಬೆಳಗಾವಿ ಜಿಲ್ಲೆಯ ಗುರ್ಲಾಪುರ ಕ್ರಾಸಿನಲ್ಲಿ ಕೂತ ರೈತರ ಹೋರಾಟ ಮುಧೋಳದವರೆಗೂ ಹಬ್ಬಿತು. ಸರ್ಕಾರ 3,300ಕ್ಕೆ ರಾಜಿ ಮಾಡಿಸಿತು. ಮುಧೋಳ ಕಡೆ ಸಿಟ್ಟು ಅಲ್ಲಿಗೆ ಆರಲಿಲ್ಲ, ಕಬ್ಬು ತುಂಬಿದ ಟ್ರಾಲಿಗಳಿಗೆ ಬೆಂಕಿ ಬಿತ್ತು. ಮಾರನೇ ದಿನ ಎಲ್ಲರೂ ಬೆಂಕಿ ಯಾರು ಹಚ್ಚಿದರು ಅಂತ ಕೇಳಿದರು. ದಿನಾ ಬಾಯ್ಲರಿನೊಳಗೆ ಉರಿಯುವ ಬೆಂಕಿಯ ಲಾಭ ಯಾರದು ಅಂತ ಕೇಳಿದವರು ಕಡಿಮೆ.

ಇಲ್ಲಿಯವರೆಗೆ ನಾನು ರೈತನ ಪರ ಮಾತಾಡಿದೆ. ಈಗ ರೈತ ಮಿತ್ರರೂ ಕೇಳಬೇಕಾದ ಮಾತು ಒಂದದ. 70 ಪಾಲು, 30 ಪಾಲು ಅಂತ ನೂರನ್ನು ಹಂಚಿ ಮುಗಿಸಿದಿರಲ್ಲ, ಕಬ್ಬು ಕಡಿದವನ ಪಾಲು ಎಲ್ಲಿ? ಮಹಾರಾಷ್ಟ್ರದ ಬೀಡ ಕಡೆಯಿಂದ, ವಿಜಯಪುರದ ಒಣ ತಾಲೂಕುಗಳಿಂದ, ಲಂಬಾಣಿ ತಾಂಡಾಗಳಿಂದ, ಹೊಲಗೇರಿ ಮಾದಿಗರ ಓಣಿಗಳಿಂದ ಗ್ಯಾಂಗು ಕಟ್ಟಿಕೊಂಡು ಬರುವವರು ಅವರು. ಮುಂಗಡ ತಿಂದು, ಸಾಲದ ಹಗ್ಗ ಕಟ್ಟಿಸಿಕೊಂಡು ಬರುತ್ತಾರೆ. ಗಂಡ ಹೆಂಡತಿ ಸೇರಿ ಒಂದು ಕೊಯ್ತಾ, ಇಬ್ಬರ ದುಡಿಮೆಗೆ ಒಂದು ಲೆಕ್ಕ. ಹೊಲದ ಬದುವಿನಲ್ಲಿ ಜೋಪಡಿ, ಮಕ್ಕಳಿಗೆ ಆರು ತಿಂಗಳು ಸಾಲಿ ಇಲ್ಲ. ಕೆಲಸ ತಪ್ಪಬಾರದು ಅಂತ ಬೀಡ ಜಿಲ್ಲೆಯ ಕಬ್ಬು ಕಡಿಯುವ ಹೆಣ್ಣುಮಕ್ಕಳು ಗರ್ಭಕೋಶ ತೆಗೆಸಿಕೊಂಡದ್ದು 2019ರಲ್ಲಿ ದೇಶಕ್ಕೆಲ್ಲ ಗೊತ್ತಾಯಿತು. ಇವರ ಕೂಲಿಯನ್ನು ಕಟಾವಿನ ಖರ್ಚು ಎಂದು ರೈತನ ಬಿಲ್ಲಿನಿಂದ ಕಡಿಯುತ್ತಾರೆ. ಅಲ್ಲಿಗೆ ಕೂಲಿಯವನ ಎದುರಾಳಿ ರೈತ, ರೈತನ ಎದುರಾಳಿ ಕೂಲಿಯವ. ಇಬ್ಬರ ಜಗಳದ ನಡುವೆ ಚಿಮಣಿಯ ಹೊಗೆ ನೆಟ್ಟಗೆ ಏರುತ್ತದೆ.

2018ರ ಡಿಸೆಂಬರಿನಲ್ಲಿ ಮುಧೋಳ ತಾಲೂಕಿನ ಒಂದು ಕಾರ್ಖಾನೆಯ ಡಿಸ್ಟಿಲರಿ ಘಟಕದಲ್ಲಿ ಸ್ಫೋಟವಾಗಿ ನಾಲ್ಕು ಜನ ಸತ್ತರು. ಒಂದು ಲೀಟರ್ ಮದ್ಯಸಾರ ತೆಗೆದರೆ ಹತ್ತು ಲೀಟರಿನ ಆಸುಪಾಸು ಕಂದು ಬಣ್ಣದ ಹೊಲಸು ನೀರು ಉಳಿಯುತ್ತದೆ. ಅದನ್ನು ಮುಚ್ಚಿದ ತೊಟ್ಟಿಯಲ್ಲಿ ಕೊಳೆಸಿದರೆ ಮೀಥೇನ್ ಅನಿಲ ಬರುತ್ತದೆ, ಅದೂ ಇಂಧನ. ಗುಣವೂ ಐತಿ, ಗಂಡಾಂತರವೂ ಐತಿ. 'ಸ್ವಚ್ಛ ಇಂಧನ' ಎಂಬ ಎರಡು ಶಬ್ದದೊಳಗೆ ಸ್ವಚ್ಛ ಯಾರಿಗೆ ಅಂತ ಕೇಳೋದು ವಿಮರ್ಶಕನ ಕೆಲಸ. ತೊಟ್ಟಿ ಇಳಿಯೋನಿಗೆ, ಬೂದಿ ಎತ್ತೋನಿಗೆ ಅದು ಸ್ವಚ್ಛ ಇಲ್ಲದಿದ್ದರೆ ಆ ವಿಶೇಷಣ ಸುಳ್ಳು.

ಬೇರೆ ದಾರಿ ಇರಲಿಲ್ಲವೆ? ಇತ್ತು, ನಮ್ಮ ರಾಜ್ಯದಲ್ಲೇ ಇತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರು 'ಅಸ್ತ್ರ' ಎಂಬ ಕೇಂದ್ರ ಕಟ್ಟಿದರು. ಹಳ್ಳಿಗೆ ಬೇಕಾದ ತಂತ್ರಜ್ಞಾನ ಹುಡುಕುವುದು ಅದರ ಕೆಲಸ. ತುಮಕೂರು ಜಿಲ್ಲೆಯ ಪುರ ಎಂಬ ಹಳ್ಳಿಯಲ್ಲಿ 1987ರಿಂದ ಸಗಣಿ ಅನಿಲದಿಂದ ಎಂಜಿನ್ ಓಡಿಸಿ ಮನೆಗೆ ದೀಪ, ನಲ್ಲಿಗೆ ನೀರು ಕೊಟ್ಟರು. ಅದೇ ಜಿಲ್ಲೆಯ ಹೊಸಹಳ್ಳಿಯಲ್ಲಿ 1988ರಲ್ಲಿ ಕಟ್ಟಿಗೆಯ ಅನಿಲೀಕರಣ ಯಂತ್ರ ಕೂಡಿಸಿದರು. ಅನಿಲೀಕರಣ ಅಂದ್ರ ಮಾಯಾ ಅಲ್ಲ. ಪೂರ್ತಿ ಗಾಳಿ ಕೊಟ್ಟು ಸುಟ್ಟರೆ ಕಟ್ಟಿಗೆ ಶಾಖ ಕೊಟ್ಟು ಬೂದಿಯಾಗುತ್ತದೆ. ಗಾಳಿ ಕಡಿಮೆ ಕೊಟ್ಟರೆ ಅದು ಅರ್ಧ ಬೆಂದು ಕಾರ್ಬನ್ ಮಾನಾಕ್ಸೈಡ್, ಜಲಜನಕ, ಸ್ವಲ್ಪ ಮೀಥೇನ್ ಬಿಡುತ್ತದೆ. ಆ ಅನಿಲವನ್ನು ತಣಿಸಿ, ಟಾರು ಸೋಸಿ, ಡೀಸೆಲ್ ಎಂಜಿನ್ನಿಗೆ ಕೊಟ್ಟರೆ ಡೀಸೆಲಿನ ಬಹುಪಾಲು ಉಳಿಯುತ್ತದೆ. ಕಬ್ಬಿನ ಸಿಪ್ಪೆ ಹಗುರ, ಹಸಿ. ಒಣಗಿಸಿ ಒತ್ತಿ ಗಟ್ಟಿ ಮಾಡದೆ ಇಂಥ ಯಂತ್ರಕ್ಕೆ ಅದು ಒಗ್ಗುವುದು ಕಷ್ಟ. ಹಾಗಾಗಿ ಕಾರ್ಖಾನೆಯವರು ಬಾಯ್ಲರನ್ನೇ ನಂಬಿದರು.

ಪುರ, ಹೊಸಹಳ್ಳಿಯ ಯಂತ್ರಗಳು ವರ್ಷಾನುಗಟ್ಟಲೆ ನಡೆದು ನಿಂತುಹೋದವು. ಸೋತದ್ದು ಯಂತ್ರಕ್ಕಿಂತ ಹೆಚ್ಚಾಗಿ ಅದನ್ನು ನಡೆಸುವ ಊರಿನ ವ್ಯವಸ್ಥೆ. ಆದರೂ ಅಲ್ಲಿ ಒಂದು ಮಾತು ರುಜುವಾತಾಯಿತು: ಊರಿನ ಉರುವಲಿನಿಂದ ಊರಿಗೇ ಬೆಳಕು ಕೊಡಬಹುದು. ಅಲ್ಲೂ ನಾವು ಕೇಳಬೇಕಾದ ಪ್ರಶ್ನೆ ಐತಿ. ಸಗಣಿ ತರೋಕೆ ದನ ಬೇಕು, ಕಟ್ಟಿಗೆ ಬೆಳೆಯೋಕೆ ನೆಲ ಬೇಕು. ಎರಡೂ ಇಲ್ಲದ ಕೇರಿಯ ಮನೆಗೆ ಊರ ಸಭೆಯಲ್ಲಿ ಎಷ್ಟು ದನಿ? ಜಾತಿ ಇರುವ ಊರಿನಲ್ಲಿ 'ಸಮುದಾಯ' ಎಂಬ ಶಬ್ದವನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡದೆ ಒಪ್ಪಬಾರದು.

ಪೇಟೆಯ ಕಸದ ಕಥೆ ಇನ್ನೂ ಕಠಿಣ. ಬಿಡದಿಯಲ್ಲಿ ದಿನಕ್ಕೆ 600 ಟನ್ ಬೆಂಗಳೂರಿನ ಕಸ ಸುಟ್ಟು 11.5 ಮೆಗಾವಾಟ್ ತೆಗೆಯುವ ಸ್ಥಾವರ ಕಟ್ಟಿದರು. ನಮ್ಮ ಪೇಟೆಗಳ ಕಸದಲ್ಲಿ ಅನ್ನ, ತರಕಾರಿ, ನೀರು ಹೆಚ್ಚು. ಬೇರ್ಪಡಿಸದೆ ಸುಟ್ಟರೆ ಅದು ಉರಿಯುವುದಕ್ಕಿಂತ ಹೊಗೆಯಾಡುವುದೇ ಹೆಚ್ಚು. ಬೇರ್ಪಡಿಸೋರು ಯಾರು? ಪೌರಕಾರ್ಮಿಕ ಹೆಣ್ಣುಮಗಳು, ಬರಿಗೈಯಲ್ಲಿ. ನಾಳೆ ಜಮಖಂಡಿಗೋ ಬನಹಟ್ಟಿಗೋ ಇಂಥ ಯೋಜನೆ ಬಂದರೆ ಮೆಗಾವಾಟಿನ ಅಂಕಿ ಕೇಳುವ ಮೊದಲು ಆಕೆಯ ಕೈಚೀಲ, ಆಕೆಯ ಕಾಯಂ ಆದೇಶ ಕೇಳಬೇಕು. 2010ರ ಜುಲೈನಲ್ಲಿ ಸವಣೂರಿನ ಭಂಗಿ ಸಮುದಾಯದವರು ಪುರಸಭೆಯ ಮುಂದೆ ತಮ್ಮ ಮೈಮೇಲೆ ತಾವೇ ಮಲ ಸುರಿದುಕೊಂಡರು. ತಲೆಮಾರುಗಳಿಂದ ಊರಿನ ಹೊಲಸು ಎತ್ತಿದವರನ್ನೇ ಅವರ ಮನೆಗಳಿಂದ ಎಬ್ಬಿಸಲು ಹೊರಟಿದ್ದರು. ಮೂರು ವರ್ಷದ ಮೇಲೆ, 2013ರಲ್ಲಿ ಮಲ ಹೊರುವುದರ ವಿರುದ್ಧ ಹೊಸ ಕಾಯ್ದೆ ಬಂತು. ಸವಣೂರಿನವರು ಅಂದು ಬರೆದ ವಿಮರ್ಶೆಗಿಂತ ದೊಡ್ಡ ವಿಮರ್ಶೆಯನ್ನು 'ಕಸದಿಂದ ರಸ'ದ ಮೇಲೆ ಯಾರೂ ಬರೆದಿಲ್ಲ.

ಕೊನೆಗೆ ನಮ್ಮ ಕಾವ್ಯದ ಮಾತು. ಹತ್ತನೇ ಶತಮಾನದ ರನ್ನ ಮುಧೋಳದವನು, ಬಳೆಗಾರರ ಮನೆಯ ಮಗ. ತಿಮ್ಮಾಪುರದ ರೈತರ ಸಹಕಾರಿ ಸಕ್ಕರೆ ಕಾರ್ಖಾನೆಯ ನೆಲಕ್ಕೆ ಅವನ ಹೆಸರಿಟ್ಟು ರನ್ನನಗರ ಅಂದರು, ಅವನ ಹೆಸರಲ್ಲಿ ಉತ್ಸವ ಮಾಡುತ್ತಾರೆ. ವೇದಿಕೆಯ ಮೇಲೆ ಅವನ ಗದಾಯುದ್ಧದ ವೀರರಸ ಹೊಗಳುವವರು ಬಳೆ ಮಾರಿದ ಕೈಯ ಬಗ್ಗೆ ಮಾತಾಡುವುದಿಲ್ಲ. ರಸ ಇಟ್ಟುಕೊಂಡು ಸಿಪ್ಪೆ ಬಿಸಾಡುವ ಓದು ಇದು.

ನಮ್ಮ ಓದೂ, ಬರವಣಿಗೆಯೂ ಪಾರಾಗಿಲ್ಲ. ಬಂಡಾಯದ ಕವಿಗಳು ಬೆಂಕಿ, ಕಿಚ್ಚು, ಜ್ವಾಲೆ ಅಂತ ಬರೆದು ಬರೆದು ಆ ಶಬ್ದಗಳೇ ಬೂದಿ ಆಗ್ಯಾವ. ಹೊಲದಾಗ ರವದಿಗೆ ಕಡ್ಡಿ ಗೀರಿದಂಗ ಒಂದು ಗಳಿಗೆ ಧಗ್ ಅಂದು ಆರಿಹೋಗುವ ಪದ್ಯ ನಮಗೆ ಸಾಕು. ನಿಜವಾದ ಬೆಂಕಿ ಎಲ್ಲಿ ಉರೀತದ, ಯಾರ ಉರುವಲಿನಿಂದ ಉರೀತದ, ಆ ಕರೆಂಟು ಯಾರ ಮನೆಗೆ ಹೋಗ್ತದ ಅಂತ ಬರೆಯೋ ಪದ್ಯ ಬೇಕು. ಕಾರ್ಖಾನೆಯ ಕರೆಂಟು ತಂತಿ ಹಿಡಿದು ಹೋಗುವಾಗ ರಬಕವಿ-ಬನಹಟ್ಟಿಯ ನೇಕಾರನ ಮಗ್ಗ ಕರೆಂಟು ಇಲ್ಲದೆ ನಿಂತರೆ, ಆ ನಿಂತ ಮಗ್ಗದ ಸದ್ದಿಲ್ಲದ ಹೊತ್ತನ್ನು ಬರೆಯೋ ಪದ್ಯ ಬೇಕು.

ಹಳ್ಳಿಯ ಮಾಸ್ತರರೆ, ವಿದ್ಯಾರ್ಥಿ ಗೆಳೆಯರೆ, ಇದಕ್ಕೆ ದೊಡ್ಡ ಗ್ರಂಥ ಬೇಡ. ನಿಮ್ಮ ಊರಿನ ಒಬ್ಬ ರೈತನ ಕಬ್ಬಿನ ಬಿಲ್ಲು, ಒಂದು ಗ್ಯಾಂಗಿನ ಮುಂಗಡದ ಚೀಟಿ, ಒಬ್ಬ ಪೌರಕಾರ್ಮಿಕಳ ಸಂಬಳದ ಚೀಟಿ, ಮೂರನ್ನೂ ಎದುರಿಗೆ ಇಟ್ಟುಕೊಂಡು ಮಕ್ಕಳ ಮುಂದೆ ಗಟ್ಟಿಯಾಗಿ ಓದಿರಿ. ಆಮೇಲೆ ಸಾಲಿ ಗೋಡೆಯ ಮೇಲಿನ ಘೋಷಣೆ ತೋರಿಸಿ ಅರ್ಥ ಕೇಳಿರಿ. ಮಕ್ಕಳು ಏನು ಹೇಳ್ತಾರ ಅಂತ ನಮ್ಮ ಪತ್ರಿಕೆಗೆ ಬರೆದು ಕಳಿಸಿರಿ.