ಹೊಲಿಗೆಯಿಲ್ಲದ ಎಂಟು ಪುಟ

ಒಂದು ಎ4 ಹಾಳೆಯನ್ನು ಮೂರು ಸಲ ಅರ್ಧಕ್ಕರ್ಧ ಮಡಚಿ ಬಿಚ್ಚಿದರೆ ಎಂಟು ಮನೆಗಳ ಗೆರೆ ಮೂಡುತ್ತದೆ. ನಡುವಿನ ಎರಡು ಮನೆಗಳುದ್ದಕ್ಕೆ ಸೀಳಿ ಮತ್ತೆ ಮಡಚಿದರೆ ಎಂಟು ಪುಟದ ಪುಸ್ತಿಕೆ ಸಿದ್ಧ: 74 ಮಿ.ಮೀ. ಅಗಲ, 105 ಮಿ.ಮೀ. ಎತ್ತರ. ಪಿನ್ ಬೇಡ, ಗೋಂದೂ ಬೇಡ. ಹೀಗೆ ತಾವೇ ಮಾಡಿ ಹಂಚುವ ಪುಸ್ತಿಕೆಗೆ ಝೀನ್ ಎನ್ನುತ್ತಾರೆ; ಅವುಗಳಲ್ಲಿ ಬಗೆಬಗೆಯವುಂಟು. ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಕಡೆಯವರಿಗೆ ಮಾತ್ರ ನನ್ನ ಶಿಫಾರಸು ಇದೇ. ಕಾರಣ ಮಳೆ. ಜೋಯಿಡಾದ ಜುಲೈಯಲ್ಲಿ ಪಿನ್ ತುಕ್ಕು ಹಿಡಿದು, ಕಂದು ಕಲೆ ಹಾಳೆಯಿಂದ ಹಾಳೆಗೆ ಹಬ್ಬುತ್ತದೆ. ಪ್ಲಾಸ್ಟಿಕ್ ಹೊದಿಕೆ ಹಾಕಿದಿರೋ, ಒಳಗಿನ ತೇವ ಹೊರಗೆ ಹೋಗದೆ ಬೂಸ್ಟು ಬರುತ್ತದೆ. ಬರೀ ಮಡಿಕೆಗೆ ಈ ಎರಡು ಕಾಟವೂ ಇಲ್ಲ.

ಕಂಪ್ಯೂಟರ್ ಅಕ್ಷರಕ್ಕಿಂತ ಕೈಬರಹ ಮೇಲು ಎನ್ನುವುದು ನನ್ನ ಹಟ. ಇಷ್ಟು ಚಿಕ್ಕ ಪುಟಕ್ಕೆ ಕನ್ನಡವನ್ನು ಕುಗ್ಗಿಸಿದರೆ ಝೆರಾಕ್ಸಿನಲ್ಲಿ ಒತ್ತಕ್ಷರಗಳೆಲ್ಲ ಮಸಿಚುಕ್ಕಿಗಳಾಗುತ್ತವೆ. ಕೈಯಾದರೆ ಒತ್ತಿಗೆ ಬೇಕಾದ ಜಾಗವನ್ನು ತಾನೇ ಬಿಟ್ಟುಕೊಳ್ಳುತ್ತದೆ. ಅಂಚಿನಲ್ಲಿ ಅರ್ಧ ಸೆಂಟಿಮೀಟರ್ ಖಾಲಿ ಬಿಡಿ, ಯಂತ್ರ ಅದನ್ನು ಹೇಗೂ ನುಂಗುತ್ತದೆ. ಚುಟುಕಗಳ ಕವಿ ದಿನಕರ ದೇಸಾಯಿಯವರ ಜಿಲ್ಲೆಯವರಿಗೆ ನಾಲ್ಕು ಸಾಲಿನಲ್ಲಿ ಎಷ್ಟು ಹೇಳಬಹುದೆಂದು ವಿವರಿಸಬೇಕಿಲ್ಲ. ಪುಟಕ್ಕೊಂದು ಚುಟುಕ ಸಲೀಸಾಗಿ ಕೂರುತ್ತದೆ.

ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿ ಹಂಚುವ ಹುಚ್ಚು ಕನ್ನಡಕ್ಕೆ ಹೊಸದಲ್ಲ. ಕವಿ ಅಡಿಗರ ‘ಸಾಕ್ಷಿ’ ಪತ್ರಿಕೆ 1962ರಲ್ಲಿ ಶುರುವಾಯಿತು. ಅದೇ ದಶಕದಲ್ಲಿ ಹಳಿಯಾಳದ ನೆರೆಯ ಧಾರವಾಡದಿಂದ ‘ಸಂಕ್ರಮಣ’ ಹೊರಟಿತು. ಎಷ್ಟೋ ಸಣ್ಣ ಪತ್ರಿಕೆಗಳ ಮೈಮೇಲೆ ‘ಖಾಸಗಿ ಪ್ರಸಾರಕ್ಕೆ ಮಾತ್ರ’ ಎಂಬ ಸಾಲಿರುತ್ತಿತ್ತು. (ಕಾನೂನಿಗೆ ಹೆದರಿ ಬರೆದದ್ದಾದರೂ ಓದುಗನಿಗೆ ಅದೊಂದು ಗುಟ್ಟಿನ ಆಮಂತ್ರಣ.) ಅವಕ್ಕೆ ಚಂದಾದಾರರಿದ್ದರು, ಅಂಚೆಯಿತ್ತು. ಪುಕ್ಕಟೆ ಝೀನಿಗೆ ಎರಡೂ ಇಲ್ಲ. ಅದಕ್ಕೆ ಬೇಕಾದದ್ದು ಒಂದು ಗೂಡು.

ಅಮೆರಿಕದ ಹಡ್ಸನ್ ಊರಿನಲ್ಲಿ 2009ರಲ್ಲಿ ಟಾಡ್ ಬೋಲ್ ಎಂಬವರು, ಶಿಕ್ಷಕಿಯಾಗಿದ್ದ ತಾಯಿಯ ನೆನಪಿಗೆ ಶಾಲೆಯ ಆಕಾರದ ಪೆಟ್ಟಿಗೆ ಮಾಡಿ ಪುಸ್ತಕ ತುಂಬಿ ಮನೆಯೆದುರು ಕಂಬದ ಮೇಲೆ ನಿಲ್ಲಿಸಿದರು. ಬೀಗವಿಲ್ಲ, ಕಾರ್ಡಿಲ್ಲ; ಬೇಕಾದ್ದನ್ನು ಒಯ್ಯಿರಿ, ಇದ್ದರೆ ಒಂದಿಡಿ. ಈಗ ಅಂಥವು ಲೋಕದ ತುಂಬ ಇವೆ. ನಮ್ಮಲ್ಲಿ ಕಂಬ ನೆಡಲೇಬೇಕೆಂದಿಲ್ಲ. 2019ರಲ್ಲಿ ಪಂಚಾಯತ್ ರಾಜ್ ಇಲಾಖೆಗೆ ಬಂದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ‘ಅರಿವು ಕೇಂದ್ರ’ಗಳು. ಅವುಗಳ ಜಗಲಿಯ ಒಂದು ಮೂಲೆ ಸಿಕ್ಕರೂ ಆದೀತು, ಬಸ್ ಸ್ಟ್ಯಾಂಡಿನ ಚಹಾದಂಗಡಿಯ ಮೊಳೆಯೂ ಆದೀತು.

ಝೀನಿನ ಐವತ್ತೇ ಪ್ರತಿ ತೆಗೆಯಿರಿ ಎಂದರೆ ಬೆಂಗಳೂರಿನ ಪ್ರಕಾಶಕರು ನಗಬಹುದು. ಈ ನಾಲ್ಕು ತಾಲ್ಲೂಕುಗಳಿಗೆ ಅದೇ ಸರಿಯಾದ ಅಳತೆ. ಒಂದೇ ಸಂತೆಯಲ್ಲಿ ಇಲ್ಲಿ ಕನ್ನಡ, ಕೊಂಕಣಿ, ಮರಾಠಿ, ಉರ್ದು ಕೇಳುತ್ತವೆ. ಜೋಯಿಡಾದ ಗೆಡ್ಡೆಗೆಣಸು ಮೇಳಕ್ಕೆ ಹೋದವರಿಗೆ ಗೊತ್ತು, ಮುಡ್ಲಿ, ಕೋನುಗಳ ಬಗ್ಗೆ ಕುಣಬಿ ಹೆಂಗಸರಿಗಿರುವ ತಿಳಿವಳಿಕೆ ಎಷ್ಟು ದೊಡ್ಡದೆಂದು: ಯಾವುದನ್ನು ಯಾವಾಗ ನೆಡಬೇಕು, ಯಾವುದರ ತುರಿಕೆ ಹುಳಿಗೆ ಇಳಿಯುತ್ತದೆ. ಅವರ ಕೊಂಕಣಿಯನ್ನು ಕನ್ನಡ ಲಿಪಿಯಲ್ಲಿಟ್ಟು, ಎಂಟು ಪುಟಕ್ಕೆ ಎಂಟು ಗೆಡ್ಡೆಯ ಚಿತ್ರ ಬರೆದರೆ ಅದನ್ನು ಮೀರಿಸುವ ಅಡುಗೆ ಪುಸ್ತಕ ನನಗೆ ಬೇಡ. ಯಾವ ಪತ್ರಿಕೆಯೂ ಅಷ್ಟು ಸಣ್ಣ ಓದುಗವಲಯಕ್ಕಾಗಿ ಅಚ್ಚು ಹಾಕುವುದಿಲ್ಲ. ಹಳಿಯಾಳದ ಸಿದ್ದಿಯರ ದಮಾಮಿ ಹಾಡುಗಳಿಗೂ ಇದೇ ಮಾತು. ಇನ್ನು ಮುಂಡಗೋಡದಲ್ಲಿ 1966ರಿಂದ ನೆಲೆಸಿರುವ ಟಿಬೆಟನ್ನರ ಗ್ರಂಥಗಳಿಗೂ ಹೊಲಿಗೆಯಿಲ್ಲ. ಉದ್ದನೆಯ ಬಿಡಿ ಹಾಳೆಗಳನ್ನು ಬಟ್ಟೆಯಲ್ಲಿ ಸುತ್ತಿಡುತ್ತಾರೆ. ಬೈಂಡಿಂಗ್ ಇಲ್ಲದಿದ್ದರೆ ಪುಸ್ತಕವಲ್ಲ ಎನ್ನುವವರನ್ನು ಅಲ್ಲಿಗೆ ಕರೆದೊಯ್ಯಬೇಕು.

ಮತ್ತೆ, ಕಾಗದದ ಊರಾದ ದಾಂಡೇಲಿಯೇ ಇಲ್ಲಿದೆ. 1955ರಲ್ಲಿ ಸ್ಥಾಪನೆಯಾದ ವೆಸ್ಟ್ ಕೋಸ್ಟ್ ಪೇಪರ್ ಮಿಲ್ ಕಾಳಿ ನದಿಯ ದಂಡೆಯಲ್ಲಿ ಇದೇ ಕಾಡಿನ ಬಿದಿರು ಅರೆದು ಬೆಳೆಯಿತು. ಆ ಬಿದಿರು ಟನ್ನಿಗೆ ಒಂದೂವರೆ ರೂಪಾಯಿಗೆ ಸಿಗುತ್ತಿತ್ತೆಂದೂ, ಬುಟ್ಟಿ ಹೆಣೆಯುವವರು ಅದರ ಎಷ್ಟೋ ಪಟ್ಟು ಕೊಡಬೇಕಿತ್ತೆಂದೂ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳ್ ಬರೆದಿದ್ದಾರೆ. ದಾಂಡೇಲಿಯಲ್ಲಿ ಝೀನ್ ಮಾಡುವ ಹುಡುಗಿಯೊಬ್ಬಳು ಮೊದಲ ಸಂಚಿಕೆಯನ್ನು ಈ ಲೆಕ್ಕದ ಮೇಲೇ ತಂದರೆ ಸಾಲಿನಲ್ಲಿ ಮೊದಲು ನಾನೇ ನಿಲ್ಲುತ್ತೇನೆ.

ಒಮ್ಮೆಗೇ ಐವತ್ತನ್ನೂ ಗೂಡಿಗೆ ತುರುಕಬೇಡಿ. ಐದೈದು ಇಡಿ, ಖಾಲಿಯಾದಂತೆ ತುಂಬಿ. ಯಾರಾದರೂ ಅಷ್ಟನ್ನೂ ಒಯ್ದು ಬಿಚ್ಚಿ ಶೇಂಗಾ ಪೊಟ್ಟಣ ಕಟ್ಟಿದರೂ ಸಿಟ್ಟಾಗಬೇಡಿ; ಪೊಟ್ಟಣದ ಕಾಗದ ಓದುವ ಚಟ ನಮ್ಮಲ್ಲಿ ಬಹಳ ಮಂದಿಗಿದೆ. ಮೂಲಪ್ರತಿ ಮಾತ್ರ ಮನೆಯಲ್ಲಿರಲಿ.