ಥಂಡರ್‌ಬರ್ಡ್ ನೌಕೆಯ ಬಲವರ್ಧನೆ

ಕ್ಯಾಲಿಫೋರ್ನಿಯ ಮತ್ತು ನೆವಾಡ ರಾಜ್ಯಗಳ ಗಡಿಯನ್ನು ತನ್ನ ಮೈಮೇಲೆಯೇ ಹೊತ್ತು, ಸಮುದ್ರಮಟ್ಟಕ್ಕಿಂತ 6,225 ಅಡಿ ಎತ್ತರದಲ್ಲಿ ಹರಡಿಕೊಂಡಿರುವ ಟಾಹೋ ಸರೋವರದ ವಿಹಾರನೌಕೆಗಳ ಪೈಕಿ ಥಂಡರ್‌ಬರ್ಡಿನಷ್ಟು ಹೆಸರಾದವು ಹೆಚ್ಚಿಲ್ಲ. ಜಾನ್ ಹ್ಯಾಕರ್ ರೂಪಿಸಿದ ಆಕೃತಿಯಂತೆ ಮಹಾಗನಿ ಮರದಿಂದ ನಿರ್ಮಿತವಾಗಿ, ಮೇಲ್ಗಡೆ ತುಕ್ಕು ಹಿಡಿಯದ ಉಕ್ಕಿನ ಹೊದಿಕೆಯನ್ನು ತೊಟ್ಟು, 1940ರಲ್ಲಿ ಜಾರ್ಜ್ ವಿಟೆಲ್ ಎಂಬ ಧನಿಕನ ಕೈಸೇರಿದ ಈ 55 ಅಡಿಯ ನೌಕೆಯಲ್ಲಿ ಮೊದಲು ಇದ್ದವು ತಲಾ 550 ಅಶ್ವಶಕ್ತಿಯ ಎರಡು ಕರ್ಮಾತ್ ಎಂಜಿನ್ನುಗಳು. 1962ರಲ್ಲಿ ಅದನ್ನು ಕೊಂಡ ಜೂಜುಮನೆಗಳ ಒಡೆಯ ಬಿಲ್ ಹ್ಯಾರಾ ಅವನ್ನು ತೆಗೆಸಿ, ಯುದ್ಧವಿಮಾನಗಳಿಗೆಂದು ನಿರ್ಮಾಣವಾಗಿದ್ದ ಎರಡು ಅಲಿಸನ್ ಎಂಜಿನ್ನುಗಳನ್ನು, ಒಂದೊಂದೂ 1,100 ಅಶ್ವಶಕ್ತಿಯವು, ಕೂರಿಸಿದನು. ಬಲವು ಸರಿಯಾಗಿ ಇಮ್ಮಡಿಯಾಯಿತು. ಕೇಳಿದವರು ಬೆರಗಾಗುವುದು ಸಹಜವೇ. ಆದರೆ ಬೆರಗಿನಿಂದ ಬೆಲೆ ಕಟ್ಟಲಾಗದಾದ್ದರಿಂದ, ಇಮ್ಮಡಿ ಬಲದಿಂದ ನೌಕೆಗೆ ಒದಗಿದ್ದೇನೆಂಬುದನ್ನು ಸಾವಧಾನವಾಗಿ ವಿಚಾರಿಸುವುದು ನ್ಯಾಯ.

ಮಂದಗತಿಯಲ್ಲಿ ಸಾಗುವ ದೋಣಿ ತನ್ನ ಮುಂದುಗಡೆ ತಾನೇ ಒಂದು ಅಲೆಯನ್ನೆಬ್ಬಿಸುತ್ತದೆ. ವೇಗ ಹೆಚ್ಚಿದಂತೆ ಆ ಅಲೆಯ ಉದ್ದವೂ ಬೆಳೆದು, ಕಡೆಗೆ ದೋಣಿಯಷ್ಟಕ್ಕೇ ಬಂದು ಅದನ್ನೂ ಮೀರತೊಡಗಿದಾಗ, ಹಿಂಭಾಗ ತಗ್ಗಿನಲ್ಲಿ ಕುಸಿದು, ಮುಂಭಾಗ ಏರನ್ನು ಹತ್ತಲಾರದೆ, ಅದು ತಾನು ತೋಡಿದ ಹಳ್ಳದಲ್ಲಿ ತಾನೇ ಸಿಕ್ಕಿಕೊಳ್ಳುತ್ತದೆ. ಇಂಗ್ಲೆಂಡಿನ ವಿಲಿಯಮ್ ಫ್ರೌಡ್ 19ನೆಯ ಶತಮಾನದಲ್ಲಿ ಮಾದರಿ ಹಡಗುಗಳನ್ನು ತೊಟ್ಟಿಯಲ್ಲಿ ಎಳೆಸಿ ಪರೀಕ್ಷಿಸಿದ್ದು ಈ ಅಲೆಯ ತೊಡಕನ್ನೇ. ಆ ಏರನ್ನು ದಾಟಿ ನೀರಿನ ಮೇಲೆ ಜಾರತೊಡಗಿದ ದೋಣಿಗೆ ನಿಯಮ ಬೇರೆ. ಜಾರ್ಜ್ ಕ್ರೌಚ್ ಎಂಬ ಅಮೆರಿಕದ ನೌಕಾಶಿಲ್ಪಿಯ ಹೆಸರಿನಲ್ಲಿ ಪ್ರಸಿದ್ಧವಾದ ಸೂತ್ರದ ಪ್ರಕಾರ ಅದರ ವೇಗವು, ಬಲವನ್ನು ತೂಕದಿಂದ ಭಾಗಿಸಿ ಬಂದದ್ದರ ವರ್ಗಮೂಲವನ್ನು ಅನುಸರಿಸುತ್ತದೆ. ಅಂದಮೇಲೆ ಬಲ ಎರಡರಷ್ಟಾದಾಗ, ತೂಕ ಒಂದಿನಿತೂ ಏರದಿದ್ದರೂ, ವೇಗ ಹೆಚ್ಚುವುದು ನೂರಕ್ಕೆ 41ರಷ್ಟು ಮಾತ್ರ. ಇಂಧನಕ್ಕಾದರೋ ಇಂಥ ಸಂಕೋಚವಿಲ್ಲ: ಪೂರ್ಣವೇಗದಲ್ಲಿ ಪ್ರತಿ ಹತ್ತು ಅಶ್ವಶಕ್ತಿಗೆ ಗಂಟೆಗೊಂದು ಗ್ಯಾಲನ್ ಎಂಬ ನೌಕಾವಲಯದ ಸ್ಥೂಲ ಲೆಕ್ಕವನ್ನು ಹಿಡಿದರೆ, 110 ಗ್ಯಾಲನ್ನಿನ ಖರ್ಚು 220ಕ್ಕೆ ಏರಿತು.

ಬಲವೊಂದೇ ವೇಗದ ಮೂಲವಲ್ಲವೆಂಬುದಕ್ಕೆ ಅಮೆರಿಕದ ಇತಿಹಾಸದಲ್ಲಿಯೇ ಸೊಗಸಾದ ನಿದರ್ಶನವುಂಟು. 1932ರಲ್ಲಿ ಗಾರ್ ವುಡ್ ತನ್ನ ‘ಮಿಸ್ ಅಮೆರಿಕ’ ಮಾಲೆಯ ಹತ್ತನೆಯ ದೋಣಿಯಲ್ಲಿ ನಾಲ್ಕು ಪ್ಯಾಕರ್ಡ್ ಎಂಜಿನ್ನುಗಳನ್ನು ತುಂಬಿ, 6,400 ಅಶ್ವಶಕ್ತಿಯ ಆರ್ಭಟದಿಂದ ಗಂಟೆಗೆ 124 ಮೈಲಿಯನ್ನು ಮುಟ್ಟಿದನು. 1950ರಲ್ಲಿ ಸಿಯಾಟಲ್ ನಗರದ ವಾಷಿಂಗ್ಟನ್ ಸರೋವರದಲ್ಲಿ ‘ಸ್ಲೋ-ಮೋ-ಷನ್’ ನಾಲ್ಕನೆಯದು, ಹ್ಯಾರಾ ಆಮೇಲೆ ಆರಿಸಿಕೊಂಡ ಜಾತಿಯ ಅಲಿಸನ್ ಎಂಜಿನ್ ಒಂದರಿಂದಲೇ, 160 ಮೈಲಿಗೆ ಏರಿತು. ಆ ಎಂಜಿನ್ನೊಂದರ ಬಲ ಪ್ಯಾಕರ್ಡ್ ನಾಲ್ಕರ ಬಲಕ್ಕೆ ಎಲ್ಲಿಯ ಸಾಟಿ! ಗೆದ್ದದ್ದು ದೋಣಿಯ ಆಕೃತಿ: ಮುಂದೆ ಎರಡು ಬದಿಗಳ ತೇಲುಗಾಲುಗಳು, ಹಿಂದೆ ಪ್ರೊಪೆಲ್ಲರ್, ಹೀಗೆ ಮೂರೇ ನೆಲೆಗಳಲ್ಲಿ ನೀರನ್ನು ಸೋಕಿ, ಪ್ರೊಪೆಲ್ಲರಿನ ಅರ್ಧಭಾಗವನ್ನೂ ನೀರಿನಿಂದಾಚೆಗೆ ಇಟ್ಟುಕೊಂಡು, ಉಳಿದ ಮೈಯನ್ನೆಲ್ಲ ಗಾಳಿಗೆ ಒಪ್ಪಿಸಿದ ಚತುರತೆಯದು ಆ ಜಯ.

ಈ ದೃಷ್ಟಿಯಿಂದ ಹ್ಯಾರಾನ ಕಾರ್ಯವನ್ನು ನೋಡಿದಾಗ ಮೆಚ್ಚತಕ್ಕ ಒಂದಂಶ ಎದ್ದುಕಾಣುತ್ತದೆ. ಸಾವಿರ ಅಡಿ ಏರಿದರೆ ಸಾಮಾನ್ಯ ಎಂಜಿನ್ನಿನ ಬಲ ನೂರಕ್ಕೆ ಮೂರರಂತೆ ಇಳಿಯುವುದಾದ ಕಾರಣ, ಟಾಹೋದ ತೆಳುವಾದ ಗಾಳಿಯಲ್ಲಿ ಐದರಲ್ಲೊಂದು ಪಾಲಿನ ಸಮೀಪಕ್ಕೆ ಬಲಹಾನಿಯಾಗುತ್ತದೆ. ಅಲಿಸನ್ ಎಂಜಿನ್ ಗಾಳಿಯನ್ನು ಒತ್ತಿ ಒಳನೂಕುವ ಸೂಪರ್‌ಚಾರ್ಜರನ್ನು ಹೊಂದಿದ್ದು, ತೆಳುಗಾಳಿಯಲ್ಲಿ ಏದುಸಿರು ಬಿಡದೆ ದುಡಿಯಲೆಂದೇ ಹುಟ್ಟಿದ್ದು. ಎತ್ತರದ ನೀರಿಗೆ ಎತ್ತರದ ಯಂತ್ರವನ್ನೇ ಕಟ್ಟಿದ್ದು ವಿವೇಕವೆಂದೇ ನಾನು ಬಗೆಯುತ್ತೇನೆ. ಆದರೆ ಅದೇ ಮಹಾಶಯನು ನೌಕೆಯ ನೆತ್ತಿಯ ಮೇಲೆ ಇನ್ನೊಂದು ಚಾಲನಪೀಠವನ್ನೂ ಏರಿಸಿ, ಗಾಳಿಯ ತಡೆಯನ್ನೂ ಮೇಲ್ಭಾರವನ್ನೂ ತಾನೇ ಬರಮಾಡಿಕೊಂಡದ್ದು, ಒಂದು ಕೈಯಿಂದ ಕೊಟ್ಟು ಇನ್ನೊಂದರಿಂದ ಕಸಿದಂತಾಯಿತು. ಹ್ಯಾಕರನ ರೇಖೆಯ ನೀಳವಾದ ಚೆಲುವಿಗೆ ಅದು ಹೊಂದುವುದೂ ಇಲ್ಲ. ಎರಡು ಡಜನ್ ಸಿಲಿಂಡರುಗಳು ಒಟ್ಟಿಗೆ ಗುಡುಗುವಾಗಿನ ವೈಭವವನ್ನು ನಾನು ಅಲ್ಲಗಳೆಯುವುದಿಲ್ಲ. ಅದು ವೈಭವ, ಶಿಲ್ಪವಲ್ಲ, ಎಂದಷ್ಟೇ ನನ್ನ ತಕರಾರು.

ಹ್ಯಾರಾನಷ್ಟು ಹಣವಿಲ್ಲದೆ, ಅವನಷ್ಟೇ ಹಂಬಲವಿರುವವರ ಸಂಗತಿ ಇನ್ನೂ ಸ್ವಾರಸ್ಯವಾದದ್ದು. ಹದಿನೆಂಟು, ಇಪ್ಪತ್ತು ಅಡಿಯ ದೋಣಿಯವರು ಬಲ ಸಾಲದೆಂದು ಗೊಣಗುವಾಗ ಎಷ್ಟೋ ವೇಳೆ ತಪ್ಪಿರುವುದು ಎಂಜಿನ್ನಿನಲ್ಲಲ್ಲ, ಪ್ರೊಪೆಲ್ಲರಿನಲ್ಲಿ. ಅದು ಒಂದು ಸುತ್ತಿಗೆ, ಜಾರದೆ, ಮುಂದುವರಿಯಬೇಕಾದ ದೂರಕ್ಕೆ ಪಿಚ್ ಎನ್ನುತ್ತಾರೆ. ಎಂಜಿನ್ ನಿಮಿಷಕ್ಕೆ 5,500 ಸುತ್ತು, ಹಲ್ಲುಗಾಲಿಗಳಿಂದ ಅದು ಅರ್ಧಕ್ಕಿಳಿದು, ಪಿಚ್ 19 ಅಂಗುಲವಿದ್ದರೆ, ಲೆಕ್ಕಕ್ಕೆ ಬರುವುದು ಗಂಟೆಗೆ 49 ಮೈಲಿ ಮೀರಿದ ವೇಗ; ನೀರಿನಲ್ಲಿ 43 ಸಿಕ್ಕಿದರೆ ಜಾರಿಹೋದದ್ದು ನೂರಕ್ಕೆ 13, ಅದು ದೂರಬಾರದಷ್ಟು ಮಾತ್ರ. ಆದರೆ ವೇಗದಾಸೆಯಿಂದ 21 ಅಂಗುಲದ್ದನ್ನು ತೊಡಿಸಿದವನ ಎಂಜಿನ್, ಅಂಗುಲವೊಂದಕ್ಕೆ 150ರಿಂದ 200 ಸುತ್ತನ್ನು ಕಳೆದುಕೊಂಡು, ತಯಾರಕರು ವಿಧಿಸಿದ ಮಿತಿಗಿಂತ ಕೆಳಗೆ ತಿಣುಕುತ್ತ, ಕಾವೇರಿ, ಕಾಲಕ್ಕೆ ಮುಂಚೆ ಸವೆದುಹೋಗುತ್ತದೆ. ಪಿಚ್ಚನ್ನು ಇಳಿಸಿದ್ದರಿಂದಲೇ ದೋಣಿ ಚುರುಕಾದದ್ದುಂಟೆಂದರೆ ನಂಬುವವರು ಕಡಿಮೆ. ಪಾಚಿ ಕಟ್ಟಿದ ತಳವನ್ನು ಉಜ್ಜಿಸುವುದು, ಹಳೆಯ ಫೈಬರ್ ದೋಣಿಯ ಹೊಟ್ಟೆಯಲ್ಲಿ ನೀರು ಕುಡಿದು ಕಲ್ಲಿನ ಭಾರವಾದ ಫೋಮನ್ನು ಕಿತ್ತುಹಾಕುವುದು ಮೊದಲಾದ ಅಗ್ಗದ ಉಪಾಯಗಳನ್ನು ಬಿಟ್ಟು, ಜನ ಕಾರಿನ ಬಿಡಿಭಾಗಗಳ ಅಂಗಡಿಗೆ ಓಡುತ್ತಾರೆ.

ಅಲ್ಲಿಯೇ ಅಪಾಯ. ಕಾರಿಗೆ ಏರಿನ ಬಳಿಕ ಇಳಿಜಾರುಂಟು, ದೋಣಿಗೆ ಇಡೀ ದಾರಿ ಏರೇ. ಓಟದ ಕಾರಿಗೆಂದು ಮಾಡಿದ ಕ್ಯಾಮ್‌ಶಾಫ್ಟ್ ಒಳಬಾಯಿ ಹೊರಬಾಯಿಗಳೆರಡನ್ನೂ ಕೊಂಚ ಹೊತ್ತು ಒಟ್ಟಿಗೇ ತೆರೆದಿಡುವುದರಿಂದ, ಹೊಗೆಯನ್ನು ತಂಪಾಗಿಸಲು ಕೊಳವೆಗೆ ಬಿಟ್ಟ ನೀರನ್ನು ಎಂಜಿನ್ ನಿಧಾನಗತಿಯಲ್ಲಿ ಹಿಂದಕ್ಕೆ ಸೇದಿ ಸಿಲಿಂಡರಿಗೇ ತಂದುಕೊಳ್ಳುತ್ತದೆ. ಕಾರಿನ ಸ್ಟಾರ್ಟರಿನಿಂದ ಸಿಡಿದ ಕಿಡಿ ರಸ್ತೆಯಲ್ಲಿ ನಿರಪಾಯ. ದೋಣಿಯ ತಳದಲ್ಲಿ, ಗಾಳಿಗಿಂತ ಭಾರವಾದ ಪೆಟ್ರೋಲಿನ ಆವಿ ಮಡುಗಟ್ಟಿರುವಲ್ಲಿ, ಅದು ಮನೆಹಾಳು. ಇನ್ನು ಹಿಂಬದಿಗೆ ನೇತುಹಾಕುವ ಔಟ್‌ಬೋರ್ಡ್ ಎಂಜಿನ್ನಿನ ಮಾತು: ಅಂಥ 20 ಅಡಿಗಿಂತ ಚಿಕ್ಕ ದೋಣಿಗಳ ಮೇಲೆ ಗರಿಷ್ಠ ಅಶ್ವಶಕ್ತಿಯನ್ನು ನಮೂದಿಸಿದ ಫಲಕವಿರಬೇಕೆಂದು ಅಮೆರಿಕದ ಕಾನೂನು ವಿಧಿಸಿದೆ. ಆ ಅಂಕಿಯನ್ನು ಮೀರಿದ ಅಶ್ವಶಕ್ತಿಯ, ಭಾರವಾದ ಎಂಜಿನ್ ಹೊತ್ತು ಹಿಂದುಗಡೆ ಕುಗ್ಗಿದ ದೋಣಿಯನ್ನು ಥಟ್ಟನೆ ನಿಲ್ಲಿಸಿದಾಗ, ಬೆನ್ನಟ್ಟಿ ಬಂದ ಅದರದೇ ಅಲೆ ಹಿಂದಿನ ಹಲಗೆಯನ್ನು ಹಾರಿ ಒಳನುಗ್ಗಬಹುದು. ಆಗ ಫಲಕವನ್ನು ಮೊದಲು ಓದುವವನು ವಿಮೆಯ ಕಂಪೆನಿಯ ಗುಮಾಸ್ತ.